ಅಸಹ್ಯ ಆದರೆ ಹೇಳಿಬಿಡು

"ತೋಳು!"

ಮೇಜಿನಾಚೆ ಕೂತವನದು ಪರಭಾಷೆಯಲ್ಲಿ ಅಷ್ಟೇ ಮಾತು. ಬನ್ನಿ ಎಂಬುದಿಲ್ಲ, ಕೂತ್ಕೊಳ್ಳಿ ಎಂಬುದಿಲ್ಲ. ಬಾಗಿಲ ಬಳಿ ನಿಂತಿದ್ದ ಕಾವಲಿನ ಹೆಂಗಸು ಅವಳ ರಟ್ಟೆ ಹಿಡಿದು ಕುರ್ಚಿಯ ಮೇಲೆ ಕುಕ್ಕಿದಳು.

ಪರದೇಶಕ್ಕೆ ಬಂದು ಅವಳಿನ್ನೂ ಸೂಟ್‌ಕೇಸಿನ ಬೀಗ ತೆಗೆದಿರಲಿಲ್ಲ. ಕೆಲಸಕ್ಕೆಂದು ವಿಮಾನದಿಂದ ಇಳಿದ ಹೆಂಗಸರನ್ನೆಲ್ಲ ಬಸ್ಸಿಗೆ ತುಂಬಿ ನೇರವಾಗಿ ಈ ತಪಾಸಣಾ ಕೇಂದ್ರಕ್ಕೆ ತಂದಿದ್ದರು. ಉದ್ದನೆಯ ಕೋಣೆ, ಫಿನಾಯಿಲ್ ವಾಸನೆ, ಅದರ ಕೆಳಗೆ ಅಡಗಿದ ಬೆವರಿನ ನಾತ. ಒಬ್ಬಳು ಬಾಯಿ ಅಗಲಿಸಿ ಹಲ್ಲು ನೋಡಿದಳು. ಇನ್ನೊಬ್ಬಳು ಪೆನ್ಸಿಲಿನಿಂದ ಕೂದಲು ಕೆದಕಿ ಹೇನು ಹುಡುಕಿದಳು, ಅದೇ ಪೆನ್ಸಿಲಿನಿಂದ ತನ್ನ ಕಿವಿ ಕೆರೆದುಕೊಂಡಳು. ಎಕ್ಸ್‌ರೇಗೆ ಬಟ್ಟೆ ಬಿಚ್ಚುವ ಕಡೆ ಪರದೆ ಅರ್ಧ ಹರಿದಿತ್ತು. ಆಚೆ ನಿಂತ ಗಂಡಸರು ನೋಡದವರಂತೆ ನೋಡುತ್ತಿದ್ದರು. ಸಂತೆಯಲ್ಲಿ ಎಮ್ಮೆ ಕೊಳ್ಳುವವನೂ ಮೊದಲು ಅದರ ಬೆನ್ನು ಸವರುತ್ತಾನೆ. ಇಲ್ಲಿ ಆ ಮರ್ಯಾದೆಯೂ ಇರಲಿಲ್ಲ. ಥೂ!

ಎದುರು ಕೂತವನು ಮಾಸ್ಕ್ ಹಾಕಿದ್ದ, ಕಣ್ಣಷ್ಟೇ ಕಾಣುತ್ತಿತ್ತು. ಕೈಗವಸಿನ ಬೆರಳು ಅವಳ ಮೊಣಕೈಯ ಒಳಬದಿಯಲ್ಲಿ ನರ ಹುಡುಕುತ್ತಿತ್ತು.

ಯಾಕೆ ಈ ರಕ್ತ ಎಂದು ಗೊತ್ತಿದ್ದ ಅರೆಬರೆ ಪರಭಾಷೆಯಲ್ಲಿ ಕೇಳಿದಳು. ಅವನು ತಲೆ ಎತ್ತಲಿಲ್ಲ.

ಅವಳಿಗೆ ಮೈಯೆಲ್ಲ ಉರಿಯಿತು. ಇಲ್ಲಿ ಅರ್ಥವಾಗುವವರು ಯಾರಿದ್ದಾರೆ ಎಂಬ ಧೈರ್ಯದಲ್ಲಿ ಮನೆಮಾತಿನಲ್ಲೇ ಗೊಣಗಿದಳು. "ದರಿದ್ರದ ಸೊಳ್ಳೆ! ಕೇಳಿದ್ದಕ್ಕೆ ಉತ್ತರ ಇಲ್ಲ, ರಕ್ತ ಮಾತ್ರ ಬೇಕು."

ಬೆರಳು ಗಕ್ಕನೆ ನಿಂತಿತು.

"ಸೊಳ್ಳೆ ಅಂದ್ರೂ ಪರವಾಗಿಲ್ಲ," ಮಾಸ್ಕಿನ ಹಿಂದಿನಿಂದ ಅವಳದೇ ಭಾಷೆ ಮೆಲ್ಲಗೆ ಬಂತು. "ಆದ್ರೆ ಕೈ ಅಷ್ಟು ಸೆಟೆಸ್ಬೇಡಿ. ಇನ್ನೊಂದು ಸಲ ಚುಚ್ಚಬೇಕಾಗುತ್ತೆ."

ಅಯ್ಯೋ ದೇವರೇ! ಅವಳ ಕಿವಿ ಕೆಂಪಾಯಿತು.

"ನೀವು... ನಮ್ಮ ಕಡೆಯವರಾ?"

"ಅಪ್ಪ ಅಲ್ಲಿಂದ ಬಂದವರು. ಇಲ್ಲೇ ಟೈಲರ್ ಅಂಗಡಿ ಇಟ್ಟಿದ್ದಾರೆ. ನಾನು ಹುಟ್ಟಿದ್ದು ಇಲ್ಲೇ."

"ಹಾಗಾದ್ರೆ ನೀವಾದ್ರೂ ಹೇಳಿ. ಯಾಕೆ ಈ ರಕ್ತ?"

ಅವನ ಕಣ್ಣು ಕಾವಲಿನ ಹೆಂಗಸಿನ ಕಡೆ ಹೊರಳಿ ಬಂತು. "ಇಲ್ಲಿ ಹೇಳೋ ಹಾಗಿಲ್ಲ."

"ನನ್ನ ರಕ್ತ ಅಲ್ವೇನ್ರೀ ಅದು?"

"ನಿಮ್ಮದೇ," ಎಂದ. ಅಷ್ಟರಲ್ಲಿ ಸೂಜಿ ಒಳಹೋಗಿ ಹೊರಬಂದಿತ್ತು. ನೋವೇ ಆಗಿರಲಿಲ್ಲ. ಅದೂ ಅವಳಿಗೆ ಸಿಟ್ಟು ತರಿಸಿತು.

ಭಾಷೆ ಬಾರದವರು ಬಾಯಿ ಮುಚ್ಚಿಕೊಂಡಿದ್ದರೆ ಸಹಿಸಬಹುದಿತ್ತು. ಭಾಷೆ ಬಂದವನೂ ಮುಚ್ಚಿಕೊಂಡನಲ್ಲ! ಹತ್ತಿ ಒತ್ತಿಕೊಂಡು ಹೊರಬರುವಾಗ ಅವಳಿಗೆ ಆ ಇಡೀ ಕಟ್ಟಡದಲ್ಲಿ ಅತಿ ಹೆಚ್ಚು ಅಸಹ್ಯವಾದದ್ದು ಆ ಎರಡು ಮೆತ್ತನೆಯ ಕಣ್ಣುಗಳೇ.

*

ಅವಳ ಕೆಲಸ ಒಂದು ದೊಡ್ಡ ಲಾಂಡ್ರಿಯಲ್ಲಿ. ಊರಿನ ಆಸ್ಪತ್ರೆ, ಹೋಟೆಲುಗಳ ಬಟ್ಟೆಯೆಲ್ಲ ಅಲ್ಲಿಗೇ ಬರುತ್ತಿತ್ತು. ಬೆಲ್ಟಿನ ಮೇಲೆ ಸಾಗಿ ಬರುವ ಮೂಟೆ ಬಿಚ್ಚಿ ಚಾದರ ಬೇರೆ, ದಿಂಬಿನ ಚೀಲ ಬೇರೆ, ಕೋಟು ಬೇರೆ ಮಾಡಬೇಕು. ಜೇಬುಗಳನ್ನೆಲ್ಲ ತಡಕಿ ಸಿಕ್ಕಿದ್ದನ್ನು ತೆಗೆದಿಡಬೇಕು. ಏನೇನು ಸಿಗುತ್ತಿತ್ತು ಅಂತೀರಿ! ಜಗಿದುಗಿದ ಬಬಲ್‌ಗಮ್ಮು, ಕತ್ತರಿಸಿದ ಉಗುರು, ಒಮ್ಮೆ ಯಾರದೋ ಹಲ್ಲಿನ ಸೆಟ್ಟು.

ಪ್ರತಿಯೊಂದಕ್ಕೂ ಅವಳ ಮೂಗು ತಾನಾಗಿ ಸೊಟ್ಟಗಾಗುತ್ತಿತ್ತು. ಅದಕ್ಕೇ ಇಸ್ತ್ರಿ ಅಕ್ಕ ಅವಳಿಗೆ ಮೂಗುಮುರುಕಿ ಎಂದು ಹೆಸರಿಟ್ಟಳು.

ಇಸ್ತ್ರಿ ಅಕ್ಕ ಅಂದರೆ ಹಬೆ ಇಸ್ತ್ರಿಯ ಮೇಲೆ ನಿಲ್ಲುವ ಹಳಬಳು. ಗಂಡ ಜ್ವರ ಜ್ವರ ಅಂತಲೇ ಕಣ್ಮುಚ್ಚಿದ ಮೇಲೆ ಮಗಳನ್ನು ತವರಲ್ಲಿ ಬಿಟ್ಟು ಬಂದವಳು. ಲಾಂಡ್ರಿಯ ಹಿಂದಿನ ಹಾಸ್ಟೆಲಿನಲ್ಲಿ ಇಬ್ಬರದೂ ಒಂದೇ ಕೋಣೆ. ಮೊದಲ ವಾರ ಮೂಗುಮುರುಕಿ ಅತ್ತಾಗ ಅಕ್ಕ ಸಮಾಧಾನದ ಮಾತಾಡಲಿಲ್ಲ. ಎಣ್ಣೆ ಬಾಟ್ಲಿ ತಂದು, "ಅಳೋದಾದ್ರೆ ಅಳು, ತಲೆ ಮಾತ್ರ ಈ ಕಡೆ ತಿರುಗಿಸು," ಎಂದು ತನ್ನದೇ ಬಾಚಣಿಗೆಯಲ್ಲಿ ಸಿಕ್ಕು ಬಿಡಿಸಿ ಜಡೆ ಹಾಕಿದಳು. ಅಂದಿನಿಂದ ಆ ಜಡೆ ಅಕ್ಕನದೇ ಕೈಕೆಲಸ.

ಲಾಂಡ್ರಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಅಂಟುರೋಗದ ವಾರ್ಡಿನ ಬಟ್ಟೆ ಕೆಂಪು ಚೀಲದಲ್ಲಿ ಬರುತ್ತದೆ. ಕೆಂಪು ಚೀಲವನ್ನು ಬಿಚ್ಚುವಂತಿಲ್ಲ, ಮೂಸುವಂತಿಲ್ಲ, ಚೀಲದ ಸಮೇತ ಕುದಿನೀರಿನ ಯಂತ್ರಕ್ಕೆ ನೂಕಬೇಕು. ಕೆಂಪು ಕಂಡರೆ ಕೈ ತಾನಾಗಿ ಹಿಂದೆ ಸರಿಯುವಷ್ಟು ಎಲ್ಲರಿಗೂ ಅದು ರೂಢಿಯಾಗಿತ್ತು.

ಒಂದು ಬೆಳಿಗ್ಗೆ ತಪಾಸಣಾ ಕೇಂದ್ರದ ಬಿಳಿ ಕೋಟುಗಳ ಮೂಟೆ ಬಂತು. ಒಂದು ಕೋಟಿನ ಜೇಬಿನಲ್ಲಿ ಪುಟ್ಟ ಮಾತ್ರೆ ಡಬ್ಬಿ ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಅದರ ಒಡೆಯ ಏದುಸಿರು ಬಿಡುತ್ತ ಗೇಟಿಗೆ ಬಂದ. ಮಾಸ್ಕ್ ಇರಲಿಲ್ಲ. ಆದರೂ ಕಣ್ಣು ಗುರುತು ಸಿಕ್ಕಿತು.

"ಓಹೋ, ಸೊಳ್ಳೆ!" ಎಂದಳು.

"ಡಬ್ಬಿ ಸಿಕ್ತಾ?" ಅವನ ಮುಖ ಬಿಳುಚಿಕೊಂಡಿತ್ತು.

"ಸಿಕ್ತು. ಏನಕ್ಕೆ ಮಾತ್ರೆ?"

"ಅದು... ತಲೆನೋವಿಗೆ."

"ನಮ್ಮ ರಕ್ತ ಯಾಕೆ ತಗೊಂಡ್ರಿ ಅಂತ ಹೇಳಿದ್ರೆ ಕೊಡ್ತೀನಿ."

ಅವನು ಅತ್ತಿತ್ತ ನೋಡಿದ. ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತ. ಹೇಳಿದ.

"ಕ್ಷಯಕ್ಕೆ ಎಕ್ಸ್‌ರೇ. ರಕ್ತ ಎಚ್‌ಐವಿಗೆ."

"ಇದ್ರೆ ಔಷಧಿ ಕೊಡ್ತಾರಾ?"

"ಇದ್ರೆ ವಾಪಸ್ ಕಳಿಸ್ತಾರೆ."

"ಅಷ್ಟೇನಾ? ಏನಾಗಿದೆ ಅಂತ ಹೇಳಿ ಕಳಿಸ್ತಾರೆ ತಾನೇ?"

"ಇಲ್ಲ. 'ಅನರ್ಹ' ಅಂತ ಒಂದು ಮಾತು. ಅಷ್ಟೇ."

ಅವಳು ಮೂಗು ಮುರಿದಳು. "ಯಾಕಂತೆ ಇದೆಲ್ಲ?"

"ಇಲ್ಲಿನ ಜನರ ಆರೋಗ್ಯ ಕಾಪಾಡೋಕೆ ಅಂತಾರೆ."

"ಹಾಗಾದ್ರೆ ಇಲ್ಲಿನವರಿಗೂ ಹಿಡಿದು ಚುಚ್ತಾರಾ?"

"ಇಲ್ಲ."

"ರಜಾ ಹಾಕಿ ಊರೂರು ಸುತ್ತಿ ಬರ್ತಾರಲ್ಲ, ಅವರಿಗೆ?"

"ಇಲ್ಲ." ಅವನು ನೆಲ ನೋಡುತ್ತ ಹೇಳಿದ. "ಔಷಧಿ ಖರ್ಚು ತಮ್ಮ ತಲೆ ಮೇಲೆ ಬರದಿರಲಿ ಅನ್ನೋದು ಒಂದು. ಇನ್ನೊಂದು... ಕೊಳೆ ಅನ್ನೋದು ಹೊರಗಿಂದಾನೇ ಬರೋದು ಅನ್ನೋ ನಂಬಿಕೆ. ಬಾಗಿಲಲ್ಲಿ ನಮ್ಮನ್ನ ಜರಡಿ ಹಿಡಿದ್ರೆ ಮನೆಯೊಳಗೆಲ್ಲ ಶುದ್ಧ ಅಂತ ಅವರಿಗೆ ನೆಮ್ಮದಿ."

ನಮ್ಮನ್ನ ಎಂದನಲ್ಲ! ಅವಳು ಅದನ್ನು ಗಮನಿಸಿದಳು. ಡಬ್ಬಿ ಕೊಟ್ಟಳು.

ಅಂದಿನಿಂದ ತಪಾಸಣಾ ಕೇಂದ್ರದ ಕೋಟುಗಳ ಮೂಟೆಯನ್ನು ಲಾರಿಯವನ ಬದಲು ಅವನೇ ಹೊತ್ತು ತರತೊಡಗಿದ. ಅಷ್ಟು ದೂರದಿಂದ, ಬೆನ್ನ ಮೇಲೆ ಹೊತ್ತುಕೊಂಡು! ಇಸ್ತ್ರಿ ಅಕ್ಕ ಹಬೆಯ ನಡುವಿನಿಂದಲೇ ಕೂಗುತ್ತಿದ್ದಳು, "ನಿನ್ನ ಸೊಳ್ಳೆ ಬಂತು ನೋಡೇ! ಪರದೆ ಕಟ್ಕೋ!"

*

ಪ್ರೀತಿ ಯಾವಾಗ ಶುರುವಾಯಿತೆಂದು ಕೇಳಿದರೆ ಮೂಗುಮುರುಕಿಗೆ ಗೊತ್ತಿಲ್ಲ. ಊಟದ ಬಿಡುವಿನಲ್ಲಿ ಆ ಕಟ್ಟೆಯ ಮೇಲೆ ಕೂತು ಅವನು ಅಪ್ಪನ ಅಂಗಡಿಯ ಕಥೆ ಹೇಳುವನು. ಇವಳು ಜೇಬಿನಲ್ಲಿ ಸಿಕ್ಕ ವಸ್ತುಗಳ ಕಥೆ ಹೇಳುವಳು. ಹಲ್ಲಿನ ಸೆಟ್ಟಿನ ಕಥೆಗೆ ಅವನು ನಕ್ಕ ನಗು ಕೇಳಿ ಇಡೀ ಮಧ್ಯಾಹ್ನ ಚಾದರಗಳ ನಾತ ಅವಳ ಮೂಗಿಗೆ ತಾಕಲೇ ಇಲ್ಲ.

ಆದರೆ...

ಆದರೆ ಅವನು ಹತ್ತಿರ ಬಂದಷ್ಟೂ ಹಿಂದೆ ಸರಿಯುತ್ತಿದ್ದ. ಕೈ ತಾಕಿದರೆ ಬಿಸಿ ಇಸ್ತ್ರಿ ಮುಟ್ಟಿದಂತೆ ಎಳೆದುಕೊಳ್ಳುವನು. ಒಂದು ದಿನ ಅವಳು ತಿನ್ನುತ್ತಿದ್ದ ಬನ್ನು ಮುರಿದು ಅರ್ಧ ಕೊಟ್ಟಳು.

"ಬೇಡ."

"ಹಸಿವಾಗಿದೆ ಅಂದ್ರಲ್ಲ?"

"ಬೇಡ ಅಂದ್ನಲ್ಲ!" ದನಿ ಒರಟಾಗಿತ್ತು. ಅವನೇ ಬೆಚ್ಚಿ, "ಕ್ಷಮಿಸಿ," ಎಂದು ಎದ್ದು ಹೋದ.

ಅವಳು ಕೈಯಲ್ಲಿದ್ದ ಬನ್ನನ್ನೂ ತನ್ನ ಬೆರಳನ್ನೂ ನೋಡಿಕೊಂಡಳು. ಸೋಪಿನಿಂದ ಬಿರುಕುಬಿಟ್ಟ ಬೆರಳು. ಬೆಳಿಗ್ಗೆಯಿಂದ ಊರವರ ಹೊಲಸು ಬಟ್ಟೆ ಮುಟ್ಟಿದ ಬೆರಳು.

ಇವನಿಗೂ ನಾನು ಅಸಹ್ಯ! ಎಷ್ಟಾದರೂ ಇಲ್ಲಿ ಹುಟ್ಟಿದವನಲ್ಲವೇ? ನಮ್ಮ ಭಾಷೆ ಆಡಿದರೇನು, ಮೂಗು ಇವರದೇ...

ಅಂದು ಅವಳು ನಲ್ಲಿಯ ಕೆಳಗೆ ಕೈ ಉಜ್ಜಿದಳು, ಉಜ್ಜಿದಳು, ಚರ್ಮ ಕೆಂಪಾಗಿ ಉರಿಯುವವರೆಗೆ ಉಜ್ಜಿದಳು. ಇಸ್ತ್ರಿ ಅಕ್ಕ ಬಂದು ನಲ್ಲಿ ನಿಲ್ಲಿಸಿದಳು.

"ಕೈ ಏನೇ ಪಾಪ ಮಾಡಿದೆ? ಅವನಿಗೆ ಬನ್ನು ಬೇಡವಾದ್ರೆ ನನಗೆ ಕೊಡು."

*

ಆ ವರ್ಷ ಹೊಸ ಆಜ್ಞೆ ಬಂತು. ಹೊಸಬರಿಗಷ್ಟೇ ಅಲ್ಲ, ತಪಾಸಣೆ ಶುರುವಾಗುವ ಮೊದಲೇ ಬಂದು ನೆಲೆಸಿದ್ದ ಹಳಬರಿಗೂ ರಕ್ತಪರೀಕ್ಷೆ. ಇಸ್ತ್ರಿ ಅಕ್ಕ ಹೋಗಿ ಕೊಟ್ಟು ಬಂದಳು. "ನಿನ್ನವನೇ ಚುಚ್ಚಿದ. ಇರುವೆ ಕಚ್ಚಿದ ಹಾಗೂ ಆಗ್ಲಿಲ್ಲ," ಎಂದು ಹೊಗಳಿದಳು.

ಮುಂದಿನ ವಾರ, ಹಾಡುಹಗಲು, ಲಾಂಡ್ರಿಯ ಒಳಕ್ಕೇ ವ್ಯಾನು ಬಂತು.

ಕೈಗವಸು ಹಾಕಿದ ಇಬ್ಬರು ಇಳಿದರು. ಮೇಲ್ವಿಚಾರಕ ಬೆರಳು ತೋರಿಸಿದ. ಇಸ್ತ್ರಿ ಅಕ್ಕನ ಕೈಯಲ್ಲಿ ಅರ್ಧ ಇಸ್ತ್ರಿಯಾದ ಮೇಜುವಸ್ತ್ರವಿತ್ತು.

"ಇದೊಂದು ಮುಗಿಸ್ತೀನಿ, ಸುಟ್ಟು ಹೋಗುತ್ತೆ," ಎಂದಳು. ಬಿಡಲಿಲ್ಲ. ಎಳೆದರು. ಒಂದು ಚಪ್ಪಲಿ ಅಲ್ಲೇ ಉಳಿಯಿತು.

"ಏನಾಯ್ತು? ನಾನೇನು ಮಾಡಿದೆ? ಯಾರಾದ್ರೂ ಹೇಳ್ರೋ!"

ಯಾರೂ ಹೇಳಲಿಲ್ಲ. ವ್ಯಾನಿನ ಬಾಗಿಲು ಹಾಕಿದ ಮೇಲೆ ಮೇಲ್ವಿಚಾರಕ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಪಿಸುಗುಟ್ಟಿದ. "ಆ ಕಾಯಿಲೆ."

ಅಷ್ಟು ಸಾಕಾಯಿತು. ಹಾಸ್ಟೆಲಿನ ಹೆಂಗಸರು ದಡಬಡ ಕೋಣೆಗೆ ನುಗ್ಗಿದರು. ಬೇರೆ ಎಲ್ಲಾದರೂ ಆಗಿದ್ದರೆ ಜನ ಬಾಗಿಲು ಹಾಕಿಕೊಂಡು ಸುಮ್ಮನಾಗುತ್ತಿದ್ದರೇನೋ. ಇವರು ಲಾಂಡ್ರಿಯವರು, ಅಂಟುರೋಗ ಅಂದರೆ ಏನು ಮಾಡಬೇಕೆಂದು ಕೈಗೇ ಗೊತ್ತು. ಒಬ್ಬಳು ಓಡಿಹೋಗಿ ಕೆಂಪು ಚೀಲ ತಂದಳು.

ಅಕ್ಕನ ಹೊದಿಕೆ ಒಳಗೆ ಬಿತ್ತು. ಲೋಟ ಬಿತ್ತು. ಸೀರೆ, ಸ್ವೆಟರು, ಉಳಿದ ಒಂಟಿ ಚಪ್ಪಲಿ. ಯಾರೋ ಕೋಲಿನ ತುದಿಯಿಂದ ಬಾಚಣಿಗೆಯನ್ನು ತಳ್ಳಿದರು. ಮಗಳ ಫೋಟೊವನ್ನೂ ಬಿಡಲಿಲ್ಲ.

ಚೀಲದ ಬಾಯಿ ಅಗಲಿಸಿ ಹಿಡಿದವಳು ಯಾರು? ನಮ್ಮ ಮೂಗುಮುರುಕಿಯೇ. ಮುಖ ಪಕ್ಕಕ್ಕೆ ತಿರುಗಿಸಿ, ಉಸಿರು ಬಿಗಿಹಿಡಿದು, ಅಕ್ಕ ಹೆಣೆದುಕೊಟ್ಟ ಜಡೆ ಚೀಲಕ್ಕೆ ತಾಕದಂತೆ ಎದೆಯ ಮೇಲಿನಿಂದ ಹಿಂದಕ್ಕೆ ಎಸೆದುಕೊಂಡು!

ಬಾಯಿಗೆ ಗಂಟು ಬಿಗಿದು ಚೀಲವನ್ನು ಲಾಂಡ್ರಿಯ ಕೆಂಪು ಚೀಲಗಳ ರಾಶಿಗೆ ಸೇರಿಸಿದವಳೂ ಅವಳೇ. ಆ ಹೊತ್ತಿನಲ್ಲಿ ಅವಳಿಗೆ ಅದು ತಪ್ಪೆನ್ನಿಸಲೂ ಇಲ್ಲ.

*

ಸಿಟ್ಟನ್ನೆಲ್ಲ ಅವನ ಮೇಲೆ ಕಾರಿದಳು. ಅವನು ಮೂಟೆ ಹೊತ್ತು ಬರುತ್ತಲೇ ಗೇಟಿನಲ್ಲಿ ಅಡ್ಡ ನಿಂತಳು.

"ಗೊತ್ತಿತ್ತಾ ನಿಮಗೆ?"

ಅವನು ಮೂಟೆ ಇಳಿಸಿದ. "ಗೊತ್ತಿತ್ತು."

"ಅಕ್ಕನಿಗೆ ಹೇಳಿದ್ರಾ?"

"ಹೇಳೋ ಹಾಗಿಲ್ಲ ಅಂತ..."

"ಛೀ! ಅದೊಂದು ಮಾತು ಬಿಟ್ರೆ ಬೇರೆ ಬರಲ್ವಾ ನಿಮಗೆ? ಎಮ್ಮೆ ಎಳೆದ ಹಾಗೆ ಎಳ್ಕೊಂಡು ಹೋದ್ರು. ಯಾಕೆ ಅಂತ ಅವಳಿಗೆ ಇನ್ನೂ ಗೊತ್ತಿಲ್ಲ! ಹೇಗ್ರೀ ಊಟ ಸೇರುತ್ತೆ ನಿಮಗೆ? ಬಿಡಿ, ನಿಮಗೇನು... ಇಲ್ಲಿ ಹುಟ್ಟಿದವರು. ನಿಮ್ಮ ತೋಳು ಹಿಡಿದು ಯಾರೂ ಚುಚ್ಚಲ್ಲ!"

"ಹೌದು," ಎಂದ ಅವನು. "ಯಾರೂ ಚುಚ್ಚಲ್ಲ. ಚುಚ್ಚಿದ್ರೆ ನನ್ನನ್ನೂ ವ್ಯಾನಿಗೆ ಹಾಕ್ತಿದ್ರು."

ಅವಳಿಗೆ ಅರ್ಥವಾಗಲಿಲ್ಲ.

"ನನಗೂ ಇದೆ, ಮೂಗುಮುರುಕಿ. ಅಕ್ಕನಿಗಿರೋದೇ. ಆ ಡಬ್ಬಿ ತಲೆನೋವಿಗಲ್ಲ. ದಿನಾ ಒಂದು ಮಾತ್ರೆ ತಗೋತೀನಿ, ಗುಂಡುಕಲ್ಲಿನ ಹಾಗಿದೀನಿ. ಈ ದೇಶದ ಪಾಸ್‌ಪೋರ್ಟ್ ಇರೋದ್ರಿಂದ ನನಗೆ ಮಾತ್ರೆ. ಇಲ್ಲದ್ದಕ್ಕೆ ಅಕ್ಕನಿಗೆ ವ್ಯಾನು. ಅದೇ ರೋಗ, ಅದೇ ಊರು. ಅವರ ರಕ್ತ ತೆಗೆಯೋ ಕೈ ನನ್ನದು."

ಬೀದಿಯಲ್ಲಿ ಲಾರಿಯೊಂದು ಹಾರ್ನ್ ಹಾಕುತ್ತ ಹೋಯಿತು.

ಮೂಗುಮುರುಕಿಯ ಕಾಲು ಹಿಂದೆ ಸರಿದಿತ್ತು. ಅವಳು ಸರಿಸಲಿಲ್ಲ, ತಾನಾಗಿ ಸರಿಯಿತು. ಕೆಂಪು ಚೀಲ ಕಂಡಾಗ ಸರಿಯುವ ಹಾಗೆಯೇ.

ಅವನು ಅದನ್ನು ನೋಡಿದ. ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಅದೇ ಅವಳನ್ನು ಇರಿಯಿತು.

"ಅದಕ್ಕೇ ಬನ್ನು ತಿನ್ನಲಿಲ್ಲ. ತಿಂದಿದ್ರೆ ನಿಮಗೇನೂ ಆಗ್ತಿರಲಿಲ್ಲ. ಎಂಜಲಿಂದ, ಮುಟ್ಟೋದ್ರಿಂದ ಇದು ಬರಲ್ಲ. ಆದ್ರೆ ಮುಂದೊಂದು ದಿನ ಗೊತ್ತಾದಾಗ ಅದನ್ನ ನೆನೆಸ್ಕೊಂಡು ವಾಂತಿ ಮಾಡ್ಕೋತೀರೇನೋ ಅಂತ... ನಮ್ಮ ಅತ್ತಿಗೆ ನಾನು ಕೂತೆದ್ದ ಕುರ್ಚಿಗೆ ಬ್ಲೀಚ್ ಹಾಕಿ ತೊಳೀತಿದ್ಲು. ಅದನ್ನ ತಡ್ಕೊಂಡೆ. ನಿಮ್ಮದನ್ನ ತಡ್ಕೊಳ್ಳೋಕೆ ಆಗಲ್ಲ ಅನ್ನಿಸ್ತು."

"ಮತ್ತೆ ಯಾಕೆ... ಯಾಕೆ ಆ ಕೆಲಸ ಮಾಡ್ತೀರಿ?"

"ನಾನಾದ್ರೆ ನೋವಾಗದ ಹಾಗೆ ಚುಚ್ತೀನಿ ಅಂತ ಹೇಳ್ಕೋತಿದ್ದೆ." ಅವನು ಬರಿದೇ ನಕ್ಕ. "ಹೇಡಿತನಕ್ಕೆ ಚಂದದ ಹೆಸರು."

ಮೂಟೆಯನ್ನು ಅಲ್ಲೇ ಬಿಟ್ಟು ಹೋದ. ಅವಳು ಕರೆಯಲಿಲ್ಲ. ಗೇಟಿನ ಪಕ್ಕದಲ್ಲೇ ಬಗ್ಗಿ ವಾಂತಿ ಮಾಡಿಕೊಂಡಳು. ಅವನು ಹೆದರಿದ್ದು ನಿಜವಾಯಿತು. ಅವನು ತಿರುಗಿ ನೋಡಲಿಲ್ಲವೆಂಬುದೊಂದೇ ಪುಣ್ಯ.

*

ಮರುದಿನ ಬೆಲ್ಟಿನ ಮೇಲೆ ಕೆಂಪು ಚೀಲಗಳು ಸಾಗಿ ಬಂದವು. ನೂಕಿದಳು. ಇನ್ನೊಂದು. ನೂಕಿದಳು. ಆಮೇಲೆ ಬಂದ ಚೀಲಕ್ಕೆ ಆಸ್ಪತ್ರೆಯ ಚೀಟಿ ಇರಲಿಲ್ಲ. ಬಾಯಿಗೆ ಅವಳದೇ ಕೈಯ ಗಂಟು.

ಅಕ್ಕನ ಚೀಲ!

ಅವಳ ಪಕ್ಕದವಳು, "ನೂಕೇ ಬೇಗ, ಹಿಂದೆ ಬರ್ತಿದೆ," ಎಂದು ಕಿರುಚಿದಳು.

ಮೂಗುಮುರುಕಿ ನೂಕಲಿಲ್ಲ. ಚೀಲವನ್ನು ಬೆಲ್ಟಿನಿಂದ ಕೆಳಗೆಳೆದು ನೆಲದ ಮೇಲೆ ಕೂತು ಗಂಟು ಬಿಚ್ಚಿದಳು. ಒಳಗಿನಿಂದ ಬಂದದ್ದು ರೋಗದ ವಾಸನೆಯಲ್ಲ. ಕೊಬ್ಬರಿಎಣ್ಣೆಯ ವಾಸನೆ. ತನ್ನದೇ ತಲೆಯ ವಾಸನೆ. ಬಾಚಣಿಗೆಯ ಹಲ್ಲಿನ ನಡುವೆ ಸಿಕ್ಕಿಕೊಂಡಿದ್ದ ಉದ್ದ ಕೂದಲು ಅಕ್ಕನದಲ್ಲ, ಅವಳದೇ!

ಈ ಬಾಚಣಿಗೆಯಲ್ಲೇ ದಿನಾ ತಲೆ ಬಾಚಿಸಿಕೊಂಡೆನಲ್ಲ. ಏನಾಯಿತು ನನಗೆ? ಜಡೆ ಬಂತು, ಅಷ್ಟೇ. ಆ ಲೋಟದಲ್ಲಿ ಟೀ ಕುಡಿದೆ. ಜ್ವರ ಬಂದಾಗ ಆ ಹೊದಿಕೆ ಹೊದ್ದೆ. ಆ ಕೇಂದ್ರದಲ್ಲಿ ಪೆನ್ಸಿಲಿನಿಂದ ನನ್ನ ತಲೆ ಕೆದಕಿದ ಹೆಂಗಸನ್ನು ಬೈಯುತ್ತ ಕೂತೆ. ನಾನು ಅವಳಿಗಿಂತ ಕಡೆ. ಅವಳಿಗೆ ನಾನು ಯಾರೋ. ಅಕ್ಕ ನನಗೆ ಯಾರೋ ಅಲ್ಲ!

ಥೂ... ಈ ಸಲದ ಥೂ ಬೇರೆ ಯಾರಿಗೂ ಅಲ್ಲ.

"ಕೆಂಪು ಚೀಲ ಬಿಚ್ಚಿದ್ಲು!" ಯಾರೋ ಕೂಗಿದರು. ಮೇಲ್ವಿಚಾರಕ ಓಡಿಬಂದ, ದೂರದಲ್ಲೇ ನಿಂತ.

"ಇದು ರೋಗಿಯ ಬಟ್ಟೆ ಅಲ್ಲ," ಎಂದಳು ಅವಳು, ಸೀರೆಯನ್ನು ಮಡಚುತ್ತ. "ನಮ್ಮಕ್ಕನ ಬಟ್ಟೆ."

*

ರಜೆಯ ದಿನ ಅಕ್ಕನ ಸಾಮಾನು ಕಟ್ಟಿಕೊಂಡು ಗಡೀಪಾರಿನವರನ್ನು ಕೂಡಿಹಾಕುವ ಮನೆಗೆ ಹೋದಳು. ಭೇಟಿಯ ಕೋಣೆಯಲ್ಲಿ ಮಧ್ಯೆ ಜಾಲರಿ, ಕೆಳಗೆ ಸಾಮಾನು ದಾಟಿಸುವ ಸಣ್ಣ ಕಿಂಡಿ. ಅಕ್ಕ ಬಂದಳು, ಕೂದಲು ಕೆದರಿಕೊಂಡು. ಅತ್ತು ಸೊರಗಿರುತ್ತಾಳೆ ಅಂದುಕೊಂಡಿದ್ದರೆ, ಅಕ್ಕ ನೆಟ್ಟಗೆ ಕೂತಳು.

"ನಿನ್ನ ಸೊಳ್ಳೆ ಬಂದಿತ್ತು."

"ಇಲ್ಲಿಗಾ?"

"ನಿನ್ನೆ. ಅದೇ ಕುರ್ಚಿ ಮೇಲೆ ಕೂತಿದ್ದ. 'ಅಕ್ಕಾ, ಹೇಳೋ ಹಾಗಿಲ್ಲ, ಆದ್ರೂ ಹೇಳ್ತೀನಿ' ಅಂತ ಎಲ್ಲಾ ಹೇಳಿದ. ನನ್ನ ರಕ್ತದಲ್ಲಿ ಏನಿದೆ, ನನ್ನ ಗಂಡ ಯಾವ ಜ್ವರದಲ್ಲಿ ಹೋಗಿರಬಹುದು, ಎಲ್ಲಾ. ನಾನು ಬಾಯಿಗೆ ಬಂದ ಹಾಗೆ ಬೈದೆ. ಕೂತು ಬೈಸ್ಕೊಂಡ. ಆಮೇಲೆ ತನ್ನ ಮಾತ್ರೆ ಡಬ್ಬಿ ತೆಗೆದು ತೋರಿಸಿದ ಕಣೇ! 'ನಾನು ಇದನ್ನ ತಿಂದು ಆರಾಮಾಗಿದೀನಿ, ನೀವೂ ಇರ್ತೀರಿ, ಮಗಳ ಮದುವೆ ನೋಡ್ತೀರಿ' ಅಂದ. ಊರಲ್ಲಿ ಯಾವ ಆಸ್ಪತ್ರೆ, ಯಾರನ್ನ ಕೇಳಬೇಕು, ಬಾಯಿಪಾಠ ಮಾಡಿಸಿದ. ಇಳಿದ ದಿನಾನೇ ಹೋಗ್ಬೇಕಂತೆ."

"ಗುಟ್ಟು ಹೇಳಿದ್ದು ಗೊತ್ತಾದ್ರೆ ಅವರ ಕೆಲಸ..."

"ಹೋಯ್ತು. ಬರೋ ಮೊದಲೇ ಬಿಟ್ಟು ಬಂದಿದ್ನಂತೆ. ಅಪ್ಪನ ಅಂಗಡೀಲಿ ಗುಂಡಿ ಹೊಲೀತೀನಿ ಅಂದ." ಅಕ್ಕ ಜಾಲರಿಯ ಹತ್ತಿರ ಬಗ್ಗಿದಳು. "ಅವನನ್ನ ನೋಡಿ ಮೂಗು ಮುರಿದ್ಯಾ?"

"ಅವರು ಹೇಳಿದ್ರಾ?"

"ಅವನು ಯಾಕೆ ಹೇಳ್ತಾನೆ! ನಿನ್ನ ಮೂಗು ನನಗೆ ಗೊತ್ತಿಲ್ವಾ?"

ಮೂಗುಮುರುಕಿಗೆ ತಡೆಯಲಾಗಲಿಲ್ಲ. ಕೆಂಪು ಚೀಲದ ವಿಷಯ ಎಲ್ಲ ಹೇಳಿದಳು. ಚೀಲದ ಬಾಯಿ ಹಿಡಿದದ್ದು ತಾನೇ ಎಂದೂ ಹೇಳಿದಳು.

ಅಕ್ಕನ ಮುಖ ಸಣ್ಣದಾಯಿತು.

"ಮಗಳ ಫೋಟೊನೂ ಹಾಕಿದ್ರಾ?"

"ಹಾಕಿದ್ವಿ."

"ಬಾಚಣಿಗೆ?"

"ಅದನ್ನೂ."

"ನಿನ್ನಿಂದ ಇದನ್ನ ನಾನು ಎಣಿಸಿರಲಿಲ್ಲ," ಎಂದಳು ಅಕ್ಕ. ಕ್ಷಮಿಸಿದೆ ಎನ್ನಲಿಲ್ಲ. ಎನ್ನಬೇಕೆಂದು ಕೇಳುವ ಮುಖ ಇವಳಿಗೂ ಇರಲಿಲ್ಲ. ಆಮೇಲೆ ಅಕ್ಕ ಕಿಂಡಿಯ ಕಡೆ ಕೈ ಚಾಚಿದಳು. "ಕೊಡು ಇಲ್ಲಿ. ತಲೆಯೆಲ್ಲ ಸಿಕ್ಕಾಗಿದೆ."

ಮೂಗುಮುರುಕಿ ಬಾಚಣಿಗೆ ಕೊಟ್ಟಳು, ಕೊಟ್ಟ ಕೈ ಹಿಂದಕ್ಕೆ ತೆಗೆಯಲಿಲ್ಲ. ಅಕ್ಕನ ಬೆರಳು ಹಿಡಿದುಕೊಂಡೇ ಅತ್ತಳು.

"ಅಳ್ತಾ ಇಲ್ಲೇ ಕೂರ್ಬೇಡ," ಅಕ್ಕ ಗದರಿದಳು. "ನನ್ನನ್ನಂತೂ ಕಳಿಸ್ತಾರೆ. ಅವನು ಇಲ್ಲೇ ಇದಾನೆ. ಹೋಗು."

*

ಟೈಲರ್ ಅಂಗಡಿ ಸೇತುವೆಯ ಕೆಳಗಿನ ಬೀದಿಯಲ್ಲಿತ್ತು. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಒಳಗೆ ಅವನು ಯಾರದೋ ಪ್ಯಾಂಟಿಗೆ ಗುಂಡಿ ಹೊಲಿಯುತ್ತ, ಅದನ್ನು ಸೊಟ್ಟಗೆ ಹಾಕಿ, ಅಪ್ಪನಿಂದ ಬೈಸಿಕೊಳ್ಳುತ್ತಿದ್ದ.

"ಮನುಷ್ಯರ ನರ ಸಿಗುತ್ತಂತೆ, ಪ್ಯಾಂಟಿನ ತೂತು ಸಿಗಲ್ಲ ಇವನಿಗೆ!"

ಮಗ ತಲೆ ಎತ್ತಿದ. ಬಾಗಿಲಲ್ಲಿ ಅವಳು. ಸೂಜಿ ಕೆಳಗೆ ಬಿತ್ತು. ಅಪ್ಪ ಮಗನ ಮುಖ ನೋಡಿದ, ಅವಳ ಮುಖ ನೋಡಿದ. ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು, "ನಾನು ದಾರ ತರ್ತೀನಿ," ಎಂದು ದಾರ ತುಂಬಿದ ಕಪಾಟಿನ ಮುಂದೆಯೇ ಹಾದು ಹೊರಗೆ ಹೋದ.

"ಅಕ್ಕನ್ನ ನೋಡಿದೆ," ಎಂದಳು.

"ಚೆನ್ನಾಗಿದಾರಾ?"

"ತಲೆ ಬಾಚ್ಕೊಂಡ್ಲು." ಅವಳು ಬಾಗಿಲು ದಾಟಿ ಒಳಗೆ ಬಂದಳು. "ನೀವು ಹೋದ್ಮೇಲೆ ನಾನು ವಾಂತಿ ಮಾಡ್ಕೊಂಡೆ. ಇದನ್ನ ಹೇಳದೆ ಬೇರೆ ಏನೂ ಹೇಳೋಕೆ ಆಗಲ್ಲ ನನಗೆ."

ಅವನು ಕಣ್ಣು ಮುಚ್ಚಿದ. "ಗೊತ್ತಿತ್ತು."

"ಗೊತ್ತಿತ್ತು ಗೊತ್ತಿತ್ತು ಅಂತ ಎಲ್ಲಾ ನೀವೇ ತಿಳ್ಕೊಂಡು ಕೂತ್ರೆ ನಾನು ಏನು ತಿಳ್ಕೊಳ್ಳಲಿ? ನಿಮಗೆ ನನ್ನ ಕಂಡ್ರೆ ಅಸಹ್ಯ ಅಂತ ನಾನು ಕೈ ಚರ್ಮ ಕಿತ್ತು ಹೋಗೋ ಹಾಗೆ ತೊಳ್ಕೊಂಡೆ ಗೊತ್ತಾ? ಅದು ಗೊತ್ತಿತ್ತಾ?"

ಅವನು ದಂಗಾಗಿ ನೋಡಿದ. "ನಿಮ್ಮನ್ನ ಕಂಡ್ರೆ... ನನಗಾ?"

"ಇಬ್ಬರೂ ದಡ್ಡರೇ!" ಎಂದು ಅವಳು ಅಳುತ್ತಲೇ ಬೈದಳು.

"ಕನಿಕರಕ್ಕೆ ಬಂದಿದ್ರೆ..."

"ಕನಿಕರ ಅಕ್ಕನ ಮೇಲೂ ಬರಲಿಲ್ಲ ಅವತ್ತು, ನಿಮ್ಮ ಮೇಲೆ ಎಲ್ಲಿಂದ ತರಲಿ? ಪ್ರೀತಿ ಇದೆ. ಅದರ ಜೊತೆ ಹೆದರಿಕೆನೂ ಇದೆ. ಕೇಳೋದು ಬೇಕಾದಷ್ಟಿದೆ. ಮದುವೆ ಆಗ್ಬಹುದಾ? ಮಕ್ಕಳು? ನನಗೆ ಬರಲ್ವಾ?"

ಅವನು ನೆಲಕ್ಕೆ ಬಿದ್ದ ಸೂಜಿ ಹುಡುಕುವವನಂತೆ ತಲೆ ತಗ್ಗಿಸಿ, ಒಂದೊಂದಾಗಿ ಉತ್ತರಿಸಿದ. ತಪ್ಪದೆ ಮಾತ್ರೆ ತಗೊಂಡರೆ ರೋಗ ರಕ್ತದಲ್ಲಿ ಕಾಣದಷ್ಟು ಕುಗ್ಗಿ ಹೋಗುತ್ತದೆ, ಹಾಗೇ ಇರುವವರೆಗೆ ಹೆಂಡತಿಗೆ ದಾಟುವುದಿಲ್ಲ, ಮಕ್ಕಳಿಗೂ ಇಲ್ಲದ ಹಾಗೆ ನೋಡಿಕೊಳ್ಳಬಹುದು.

"ನನ್ನ ಮಾತು ನಂಬಬೇಡಿ. ನನ್ನ ಡಾಕ್ಟರ್ ಹತ್ರ ಬನ್ನಿ, ನೀವೇ ಕೇಳಿ."

"ಬರ್ತೀನಿ. ಎಲ್ಲಾ ಕೇಳ್ತೀನಿ."

"ನನಗೆ ಹೇಗೆ ಬಂತು ಅಂತ ಕೇಳಲ್ವಾ?"

"ಹೇಳ್ಬೇಕು ಅನ್ನಿಸಿದ ದಿನ ಹೇಳಿ. ಇಲ್ಲಾಂದ್ರೆ ಬಿಡಿ. ನಿಮ್ಮ ತಪಾಸಣೆ ಮಾಡೋಕೆ ಬಂದಿಲ್ಲ ನಾನು."

ಅವನ ಕಣ್ಣು ತುಂಬಿ ಬಂತು. ಎದ್ದು ನಿಂತ, ಹತ್ತಿರ ಬಂದ, ಹಳೆಯ ಅಭ್ಯಾಸದಂತೆ ಅರ್ಧದಲ್ಲೇ ನಿಂತುಬಿಟ್ಟ. ಉಳಿದ ಅರ್ಧವನ್ನು ಅವಳೇ ನಡೆದು ಅವನ ಎದೆಗೆ ಹಣೆ ಒತ್ತಿದಳು. ಅವನ ಅಂಗಿಯಲ್ಲಿ ಹೊಸ ಬಟ್ಟೆಯ ಗಂಜಿಯ ವಾಸನೆ.

"ಮದುವೆ ಆದ್ಮೇಲೆ ಯಾವತ್ತಾದ್ರೂ... ಒಂದು ದಿನ ನಿಮಗೆ ಮತ್ತೆ ಅಸಹ್ಯ ಆದ್ರೆ?" ಅವನು ಕೇಳಿದ.

"ಆದ್ರೆ ಹೇಳಿಬಿಡ್ತೀನಿ. ಮುಚ್ಚಿಡಲ್ಲ. ನಿಮಗೆ ಭಯ ಆದ್ರೆ ನೀವೂ ಹೇಳಿಬಿಡಿ. ಎದ್ದು ಹೋಗ್ಬೇಡಿ."

"ಹೇಳಿದ್ಮೇಲೆ?"

"ಹೇಳಿದ್ಮೇಲೆ ಏನು?" ಅವಳು ತಲೆ ಎತ್ತಿ ಅವನ ಕಣ್ಣೊರೆಸಿದಳು. "ಕೈಕಾಲು ತೊಳ್ಕೊಂಡು ಇಬ್ಬರೂ ಊಟಕ್ಕೆ ಕೂತ್ಕೊಳ್ಳೋದು."